ಮನೆಯಲ್ಲೇ ಶುಗರ್ ನೋಡಿಕೊಳ್ಳುವುದು ಹೇಗೆ?

ಮಾವಿನ ಹಣ್ಣು ಹೆಚ್ಚಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಹಾಗೇ ಬೆರಳು ಚುಚ್ಚಿ ನೋಡಿದರೆ, ಶುಗರ್ 300 ದಾಟಿದ್ದರೂ ಆಶ್ಚರ್ಯಪಡಬೇಕಿಲ್ಲ. ಮೀಟರ್ ಕೆಟ್ಟಿಲ್ಲ. ರಕ್ತದ ಹನಿ ತಾಗಿಸುವ ಸ್ಟ್ರಿಪ್ಪಿಗೆ ಸಿಕ್ಕಿದ ಸಕ್ಕರೆಯನ್ನು ಅದು ಅಳೆದಿದೆ, ಅಷ್ಟೇ. ಆ ಸಕ್ಕರೆ ರಕ್ತದ್ದೋ ಬಾದಾಮಿ ಮಾವಿನದ್ದೋ ಅಂತ ಅದಕ್ಕೇನು ಗೊತ್ತು?

ಬಿಪಿ ಮೆಷಿನ್ನಿನ ಪಕ್ಕ ಗ್ಲುಕೋಮೀಟರೂ ಇರುವ ಮನೆಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಚುಚ್ಚುವುದು ಎಲ್ಲರಿಗೂ ಬರುತ್ತದೆ. ತಪ್ಪಾಗುವುದು ಜಾಸ್ತಿ ಚುಚ್ಚುವ ಮೊದಲೇ. ಅದು ಯಾಕೆ ಅಂತ ತಿಳಿಯಲು ಸ್ಟ್ರಿಪ್ಪಿನ ಒಳಗೆ ಸ್ವಲ್ಪ ಇಣುಕಬೇಕು.

ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾರ್ಬನ್ ಅಥವಾ ಚಿನ್ನ, ಪಲ್ಲೇಡಿಯಂನಂಥ ಲೋಹದ ತೆಳು ಗೆರೆಗಳಿರುತ್ತವೆ. ಅವೇ ಎಲೆಕ್ಟ್ರೋಡ್‌ಗಳು. ಅವುಗಳ ಮೇಲೆ ಒಂದು ಕಿಣ್ವವನ್ನು ಒಣಗಿಸಿ ಕೂರಿಸಿರುತ್ತಾರೆ. ರಕ್ತ ತಾಗಿದ ಕೂಡಲೇ ಕಿಣ್ವ ಗ್ಲುಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆದರೆ ಅದನ್ನು ನೇರವಾಗಿ ಎಲೆಕ್ಟ್ರೋಡಿಗೆ ದಾಟಿಸುವುದು ಅದಕ್ಕೆ ಕಷ್ಟ. ಹಾಗಾಗಿ ಸೈಟ್ ಬ್ರೋಕರ್ ಥರ ನಡುವೆ ಇನ್ನೊಂದು ರಾಸಾಯನಿಕ ಬೇಕು. ಎಷ್ಟೋ ಸ್ಟ್ರಿಪ್‌ಗಳಲ್ಲಿ ಆ ಕೆಲಸ ಫೆರಿಸಯನೈಡ್‌ನದ್ದು. ಇಲ್ಲಿಂದ ತಗೊಂಡು ಅಲ್ಲಿಗೆ ಕೊಡುತ್ತದೆ. ಮೀಟರ್ ಒಂದು ಸಣ್ಣ ವೋಲ್ಟೇಜ್ ಕೊಟ್ಟು, ಹರಿದ ಕರೆಂಟನ್ನು ಅಳೆಯುತ್ತದೆ. ಮೈಕ್ರೋಆಂಪ್ ಲೆಕ್ಕದ ಕರೆಂಟು ಅದು. ಸಕ್ಕರೆ ಜಾಸ್ತಿ ಇದ್ದರೆ ಕರೆಂಟೂ ಜಾಸ್ತಿ. ಐದಾರು ಸೆಕೆಂಡಲ್ಲಿ ನಂಬರ್ ಬರುತ್ತದೆ. ಎಲೆಕ್ಟ್ರೋಡಿಗೆ ಕಿಣ್ವ ಜೋಡಿಸುವ ಉಪಾಯವನ್ನು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಹೇಳಿದ್ದು 1962ರಲ್ಲಿ. ಪೆನ್ನಿನಷ್ಟು ದೊಡ್ಡ ಮೀಟರ್ ಮನೆಗೆ ಬರಲು 1987 ಆಗಬೇಕಾಯಿತು.

ಮೊದಲು ಸ್ಟ್ರಿಪ್ಪಿನ ಡಬ್ಬಿ ನೋಡಿ. ಕಿಣ್ವಕ್ಕೆ ತೇವವೂ ಆಗದು, ಬಿಸಿಯೂ ಆಗದು. ಡಬ್ಬಿಯಲ್ಲೇ ತೇವ ಹೀರುವ ವಸ್ತು ಇಟ್ಟಿರುವುದು ಸುಮ್ನೆ ಅಲ್ಲ. ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಹಾಕಿ, ನಮ್ಮ ಜುಲೈ-ಆಗಸ್ಟ್ ಮಳೆಯಲ್ಲಂತೂ ಮರೆಯಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಫ್ರಿಜ್ಜಿಗೂ ಹಾಕಬೇಡಿ. ಎಕ್ಸ್‌ಪೈರಿ ತಾರೀಖಿನ ಜೊತೆಗೆ, ಡಬ್ಬಿ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅಂತಲೂ ಬರೆದಿರುತ್ತದೆ. ತೆರೆದ ದಿನವನ್ನು ಡಬ್ಬಿ ಮೇಲೇ ಗುರುತು ಹಾಕಿಕೊಳ್ಳಿ.

ಕೈ ತೊಳೆಯಿರಿ. ಸೋಪು, ನೀರು ಎರಡೂ ಬೇಕು. ಸ್ಯಾನಿಟೈಸರ್ ಸಾಲದು, ಹಣ್ಣಿನ ಸಕ್ಕರೆ ಅದರಿಂದ ಪೂರ್ತಿ ಹೋಗುವುದಿಲ್ಲ. ಆಮೇಲೆ ಚೆನ್ನಾಗಿ ಒರೆಸಿಕೊಳ್ಳಿ. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ರೀಡಿಂಗ್ ಕಮ್ಮಿ ಬರುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬಿಸಿನೀರಲ್ಲಿ ತೊಳೆದರೆ ರಕ್ತವೂ ಸಲೀಸಾಗಿ ಬರುತ್ತದೆ.

ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ನಡುವೆ ಬೇಡ, ಅಲ್ಲಿ ನೋವು ಜಾಸ್ತಿ. ಸೂಜಿ ಪ್ರತಿ ಸಲ ಹೊಸದಿರಲಿ. ಪಾರ್ಕ್ ಗೇಟಿನ ಕ್ಯಾಂಪಲ್ಲಿ ಚುಚ್ಚಿಸಿಕೊಳ್ಳುವಾಗಲೂ ಹೊಸ ಸೂಜಿ ಬಿಚ್ಚುವುದನ್ನು ಕಣ್ಣಾರೆ ನೋಡಿ. ಸಂಕೋಚ ಯಾಕೆ?

ಹಿಂಡಬೇಡಿ. ಗಟ್ಟಿಯಾಗಿ ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ. ಕೈ ಕೆಳಗೆ ಇಳಿಬಿಟ್ಟು ಸ್ವಲ್ಪ ಕಾಯಿರಿ. ಹನಿ ಮೂಡಿದಾಗ ಸ್ಟ್ರಿಪ್ಪಿನ ಅಂಚನ್ನು ತಾಗಿಸಿ, ತಾನೇ ಎಳೆದುಕೊಳ್ಳುತ್ತದೆ. ಒಂದು ಮೈಕ್ರೋಲೀಟರಿಗಿಂತ ಕಮ್ಮಿ ರಕ್ತ ಸಾಕು. ಸಾಲಲಿಲ್ಲ ಅಂತ ಮೇಲಿಂದ ಇನ್ನೊಂದು ಹನಿ ಸೇರಿಸುವ ಬದಲು ಹೊಸ ಸ್ಟ್ರಿಪ್ ತಗೊಳ್ಳಿ. ದುಬಾರಿ ನಿಜ, ಆದರೆ ತಪ್ಪು ನಂಬರ್ ಇಟ್ಟುಕೊಂಡು ಏನು ಮಾಡುತ್ತೀರಿ?

ನಂಬರ್ ಜೊತೆ ಸಮಯ ಬರೆದಿಡಿ. ಖಾಲಿ ಹೊಟ್ಟೆಯದೋ, ಮುದ್ದೆ ಊಟ ಆಗಿ ಎರಡು ಗಂಟೆಯ ಮೇಲಿನದೋ ಗೊತ್ತಿಲ್ಲದ ರೀಡಿಂಗಿನಿಂದ ಡಾಕ್ಟರಿಗೆ ಉಪಯೋಗವಿಲ್ಲ. 70ಕ್ಕಿಂತ ಕೆಳಗೆ ಬಂದು ಕೈ ನಡುಗುತ್ತಿದ್ದರೆ ಮೀಟರ್ ಜೊತೆ ವಾದ ಬೇಡ. ಮೊದಲು 15 ಗ್ರಾಂ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಇನ್ನು ಎಲ್ಲರದೂ ಒಂದೇ ದೂರು: ‘ಲ್ಯಾಬಿನಲ್ಲಿ ಒಂದು ಬರುತ್ತೆ, ಮನೇಲಿ ಇನ್ನೊಂದು!’ ಬರಲೇಬೇಕು. 2013ರ ಐಎಸ್‌ಒ 15197 ಮಾನದಂಡದ ಪ್ರಕಾರ, ಶುಗರ್ 100 ಅಥವಾ ಅದಕ್ಕಿಂತ ಮೇಲಿದ್ದರೆ ನೂರರಲ್ಲಿ 95 ರೀಡಿಂಗ್‌ಗಳು ಲ್ಯಾಬಿನ ನಂಬರಿನಿಂದ ಶೇ 15ರ ಒಳಗೆ ಇರಬೇಕು. ಅಂದರೆ ಲ್ಯಾಬಿನ 200ಕ್ಕೆ ಮೀಟರ್ 170 ತೋರಿಸಿದರೂ ಸರಿ, 230 ತೋರಿಸಿದರೂ ಸರಿ. ಊಟದ ನಂತರ ಬೆರಳಿನ ರಕ್ತದಲ್ಲಿ ಸಕ್ಕರೆ, ಲ್ಯಾಬಿನವರು ತೋಳಿನ ರಕ್ತನಾಳದಿಂದ ತೆಗೆಯುವ ರಕ್ತಕ್ಕಿಂತ ಸಹಜವಾಗಿಯೇ ಜಾಸ್ತಿ. ರಕ್ತಹೀನತೆ ಇದ್ದವರಿಗೆ ಮೀಟರ್ ಸ್ವಲ್ಪ ಮೇಲೆ ತೋರಿಸುತ್ತದೆ. ವಿಟಮಿನ್ ಸಿ ತುಂಬಾ ಜಾಸ್ತಿ ತಗೊಂಡರೆ ಕೆಲವು ಸ್ಟ್ರಿಪ್‌ಗಳಲ್ಲಿ ಅದೂ ಎಲೆಕ್ಟ್ರಾನ್ ಕೊಟ್ಟು ಲೆಕ್ಕ ಕೆಡಿಸುತ್ತದೆ. ಹೊಟ್ಟೆಗೆ ದ್ರವ ಹಾಕಿ ಮಾಡುವ ಡಯಾಲಿಸಿಸ್‌ನವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಬಳಸುವ ಐಕೊಡೆಕ್ಸ್‌ಟ್ರಿನ್ ದ್ರವದಿಂದ ಮಾಲ್ಟೋಸ್ ಎಂಬ ಬೇರೆ ಸಕ್ಕರೆ ಹುಟ್ಟುತ್ತದೆ. ಕೆಲವು ಸ್ಟ್ರಿಪ್‌ಗಳ ಕಿಣ್ವ ಅದನ್ನೂ ಗ್ಲುಕೋಸ್ ಅಂದುಕೊಳ್ಳುತ್ತದೆ. ಹಾಗೆ ತಪ್ಪಾಗಿ ಜಾಸ್ತಿ ಬಂದ ನಂಬರನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಅಪಾಯ. ಯಾವ ಸ್ಟ್ರಿಪ್ ಅಂತ ಡಾಕ್ಟರನ್ನೇ ಕೇಳಿ ಕೊಳ್ಳಿ.

ಮೀಟರ್ ಮೇಲೆ ಅನುಮಾನ ಬಂದರೆ ರಕ್ತದ ಬದಲು ಕಂಟ್ರೋಲ್ ಸೊಲ್ಯೂಷನ್ (ಇಂತಿಷ್ಟೇ ಸಕ್ಕರೆ ಇರುವ ದ್ರವ) ಹಾಕಿ ನೋಡಿ, ಡಬ್ಬಿಯ ಮೇಲಿನ ಮಿತಿಯೊಳಗೆ ಬರಬೇಕು. ಇಲ್ಲವೇ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದಾಗ ಮೀಟರನ್ನೂ ಒಯ್ದು, ರಕ್ತ ಕೊಟ್ಟ ಐದು ನಿಮಿಷದೊಳಗೆ ಬೆರಳು ಚುಚ್ಚಿ ಹೋಲಿಸಿ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಮಾತ್ರ ಲ್ಯಾಬಿನ ಕೆಲಸ.

ಇದೇ ಎಲೆಕ್ಟ್ರೋಡ್ ವಿದ್ಯೆಯನ್ನು ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಅಲ್ಲಿನ ಪ್ರೊಫೆಸರ್ ನವಕಾಂತ ಭಟ್ ಅವರಿಗೆ ಸೆನ್ಸರ್ ಕೆಲಸಕ್ಕಾಗಿ 2018ರ ಇನ್ಫೊಸಿಸ್ ಪ್ರಶಸ್ತಿ ಬಂದಿದೆ. ಅಲ್ಲೇ ಬೆಳೆದ ಪಾಥ್‌ಶೋಧ್ ಕಂಪನಿಯ ಕೈಯಲ್ಲಿ ಹಿಡಿಯುವ ಸಾಧನ, ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಮತ್ತು ಮೂತ್ರದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ ಎರಡನ್ನೂ ಅಳೆಯುತ್ತದೆ.

ಕೊನೆಯದಾಗಿ ಸೂಜಿಯ ಮಾತು. ಬಳಸಿದ ಸೂಜಿಯನ್ನು ಹಾಗೇ ಕಸಕ್ಕೆ ಎಸೆದರೆ ಚುಚ್ಚುವುದು ಪೌರಕಾರ್ಮಿಕರ ಕೈಗೆ. ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಡಿ. ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ, ಮೇಲೆ ‘ಸೂಜಿ’ ಅಂತ ಬರೆದು, ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ.