ಒಂದು ನಂಬರ್ ಹೇಳಿಬಿಡಿ ಮೇಡಂ

ನಾನು ಮಾನವಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಕಾಡು ಸುತ್ತುವ ಆಸೆಯಿಂದ ಸೇರಿದವಳು, ಮೂಳೆಗಳ ಹತ್ತಿರವೇ ಉಳಿದುಬಿಟ್ಟೆ. ಪಿಎಚ್‌ಡಿ ಆದಮೇಲೆ ಬೆಂಗಳೂರಲ್ಲಿ ಗೆಸ್ಟ್ ಲೆಕ್ಚರರ್ ಆಗಿ ನಾಲ್ಕು ವರ್ಷ, ಸಂಬಳ ಬಂದಾಗ ಬಂತು. ಈಗ ಒಂದು ಮೆಡಿಕಲ್ ಕಾಲೇಜಿನಲ್ಲಿದ್ದೇನೆ.

ಪಿಎಚ್‌ಡಿ ಶುರುವಾದಾಗ ಗೈಡ್ ಕೊಟ್ಟಿದ್ದು 30 ತೊಡೆಮೂಳೆ, ಒಂದು ಅಳತೆ ಹಲಗೆ. ಮೂಳೆಯ ಮಂಡಿ ಕಡೆಯ ತುದಿಯನ್ನು ಹಲಗೆಯ ಗೋಡೆಗೆ ತಾಗಿಸಿ, ಜಾರುವ ಪಟ್ಟಿಯನ್ನು ಇನ್ನೊಂದು ತುದಿಗೆ ತಂದು, ಮೂಳೆಯನ್ನು ಆಚೆ ಈಚೆ ಸರಿಸುತ್ತಾ ಅತಿ ಹೆಚ್ಚು ಎಷ್ಟು ಬರುತ್ತೋ ಅದನ್ನು ಬರೆಯಬೇಕು. ವಾರ ಬಿಟ್ಟು ಮತ್ತೆ ಅಳೆಯಬೇಕು, ಹಳೇ ಲೆಕ್ಕ ನೋಡುವಂತಿಲ್ಲ. ಒಂದೇ ಮೂಳೆಗೆ 3 ಮಿ.ಮೀ. ವ್ಯತ್ಯಾಸ! ಮಂಡಿ ಕಡೆ ಎರಡು ಉಬ್ಬುಗಳಿರುತ್ತವೆ. ಒಂದು ದಿನ ಎರಡನ್ನೂ ಗೋಡೆಗೆ ತಾಗಿಸಿದ್ದೆ, ಇನ್ನೊಂದು ದಿನ ಒಂದನ್ನೇ. ಅವು ಬೇರೆ ಬೇರೆ ಅಳತೆಗಳು ಅಂತ ಓದಿದ್ದೆ, ಆದರೆ ಕೈಗೆ ಗೊತ್ತಿರಲಿಲ್ಲ.

ಒಮ್ಮೆ ಪಾಯ ತೋಡುವಾಗ ಸಿಕ್ಕ ಮೂಳೆಗಳನ್ನು ಪೊಲೀಸರು ತಂದರು. ಸೊಂಟದ ಮೂಳೆ ನೋಡಿದರೆ ಗಂಡಸು. ಕೊರಳ ಮೂಳೆಯ ಒಳತುದಿ ಇನ್ನೂ ಪೂರ್ತಿ ಬೆಸೆದಿರಲಿಲ್ಲ, ಅಂದರೆ ಹೆಚ್ಚೂಕಮ್ಮಿ ಮೂವತ್ತರೊಳಗಿನ ವಯಸ್ಸು. ತೊಡೆಮೂಳೆ 43 ಸೆಂ.ಮೀ. ಮೂಳೆಯ ಉದ್ದದಿಂದ ಆಳಿನ ಎತ್ತರ ಅಂದಾಜು ಮಾಡುವ 1952ರ ಟ್ರಾಟರ್ ಮತ್ತು ಗ್ಲೆಸರ್ ಸೂತ್ರ ಹಾಕಿದರೆ, 2.38ರಿಂದ ಗುಣಿಸಿ 61.41 ಕೂಡಿದಾಗ, ಎತ್ತರ 163.75 ಸೆಂ.ಮೀ. ಆದರೆ ಅದು ಅಮೆರಿಕದ ಬಿಳಿಯ ಗಂಡಸರಿಗೆ ಮಾಡಿದ ಸೂತ್ರ. ನಮ್ಮವರ ಕೈಕಾಲಿನ ಪ್ರಮಾಣ ಬೇರೆ, ಅಲ್ವಾ? ಅದನ್ನು ಬಿಟ್ಟರೂ ಸೂತ್ರದ್ದೇ ತಪ್ಪಿನ ಅಂದಾಜು 3.27 ಸೆಂ.ಮೀ. ಧೈರ್ಯವಾಗಿ ಹೇಳಬೇಕು ಅಂದರೆ ಮೇಲೆ ಕೆಳಗೆ ಎರಡೂ ಕಡೆ ಅದರ ಎರಡರಷ್ಟು ಜಾಗ ಬಿಡಬೇಕು. ಹಾಗಾಗಿ '5 ಅಡಿ 2 ಇಂಚಿಂದ 5 ಅಡಿ 7 ಇಂಚು' ಅಂದೆ.

'ಮೇಡಂ, ಅಷ್ಟು ಹೇಳಿದ್ರೆ ಮಿಸ್ಸಿಂಗ್ ಲಿಸ್ಟಲ್ಲಿರೋ ಅರ್ಧ ಜನ ಬಂದುಬಿಡ್ತಾರೆ. ಸುಮ್ನೆ ಒಂದು ನಂಬರ್ ಹೇಳಿಬಿಡಿ' ಅಂದರು ಇನ್‌ಸ್ಪೆಕ್ಟರ್.

ಅವರ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ನಾನು 5 ಅಡಿ 4 ಅಂತ ಬರೆದು, ಆತ ನಿಜಕ್ಕೂ 5 ಅಡಿ 6 ಇದ್ದಿದ್ದರೆ, ಅವನ ಫೈಲ್ ಮೊದಲ ದಿನವೇ ಪಕ್ಕಕ್ಕೆ ಹೋಗುತ್ತದೆ. ಮನೆಯವರು ಕಾಯುತ್ತಲೇ ಇರುತ್ತಾರೆ. ರಿಪೋರ್ಟ್ ಬದಲಿಸಲಿಲ್ಲ. ಅವರು ಮುಖ ಊದಿಸಿಕೊಂಡೇ ಸಹಿ ಹಾಕಿಸಿಕೊಂಡು ಹೋದರು.

ಮುಂದಿನ ಸಲ ಅವರೇ ಒಂದು ಚೀಲ ತಂದರು. ಬಿಚ್ಚಿದರೆ ಕುರಿ ಮೂಳೆ. ಅದನ್ನು ಮಾತ್ರ ಒಂದೇ ಮಾತಲ್ಲಿ ಹೇಳಿದೆ.