ಮುರ್ಯಾಂಗ್ ದೊರೆಯ ಶವಪೆಟ್ಟಿಗೆ ಮತ್ತು ಒಂದು ಚೂರು ಮರ

ಮರದ ಚೂರು ನೋಡಿ ಅದು ಯಾವ ಜಾತಿಯದೆಂದು ಗುರುತಿಸುವುದು ನನ್ನ ಕೆಲಸ. ಬೀಟೆಯೋ ಹೊನ್ನೆಯೋ ಎಂಬ ತಕರಾರುಗಳೇ ಹೆಚ್ಚು ಬರುತ್ತವೆ. ದಕ್ಷಿಣ ಕೊರಿಯಾದ ಗೋಂಗ್‌ಜು ವಸ್ತುಸಂಗ್ರಹಾಲಯದಲ್ಲಿ ಮುರ್ಯಾಂಗ್ ದೊರೆಯ ಶವಪೆಟ್ಟಿಗೆಯ ಹಲಗೆಗಳನ್ನು ಕಂಡಾಗ, ಅಲ್ಲಿನ ಚಿನ್ನದ ಒಡವೆಗಳನ್ನು ನಾನು ಸರಿಯಾಗಿ ನೋಡಲೇ ಇಲ್ಲ.

1971ರ ಜುಲೈನಲ್ಲಿ, ಪಕ್ಕದ ಗೋರಿಗಳಿಗೆ ನೀರಿಳಿಯದಂತೆ ಕಾಲುವೆ ತೋಡುತ್ತಿದ್ದಾಗ ಈ ಇಟ್ಟಿಗೆಯ ಗೋರಿ ಸಿಕ್ಕಿತು. ಒಳಗಿದ್ದ ಕಲ್ಲಿನ ಫಲಕವೇ ಒಡೆಯನ ಗುರುತು ಹೇಳಿತು: ಕೊರಿಯಾದ ಪ್ರಾಚೀನ ರಾಜ್ಯ ಬೇಕ್ಜೆಯ ಅರಸ ಸಾಮಾ, ಅಂದರೆ ಮುರ್ಯಾಂಗ್, 523ರಲ್ಲಿ 62ನೇ ವಯಸ್ಸಿನಲ್ಲಿ ತೀರಿಕೊಂಡವನು. ಆದರೆ ಜನ ಮುಗಿಬಿದ್ದರು, ಉತ್ಖನನದ ತಂಡ ಅವಸರದಲ್ಲಿ ಒಂದೇ ರಾತ್ರಿಯಲ್ಲಿ ಗೋರಿಯನ್ನು ಬರಿದು ಮಾಡಿತು. ಯಾವ ವಸ್ತು ಎಲ್ಲಿತ್ತು ಎಂಬ ಎಷ್ಟೋ ವಿವರ ಅಂದೇ ಅಳಿಸಿಹೋಯಿತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮರ ಮಾತ್ರ ತನ್ನ ಸಾಕ್ಷ್ಯವನ್ನು ಒಡಲಲ್ಲೇ ಉಳಿಸಿಕೊಂಡಿತ್ತು. ಇಪ್ಪತ್ತು ವರ್ಷಗಳ ಬಳಿಕ ಅದರ ಚೂರನ್ನು ಪರೀಕ್ಷಿಸಿದಾಗ ಅದು ಕೋಯಾಮಾಕಿ ಎಂದು ತಿಳಿಯಿತು. ಆ ಮರ ಸಹಜವಾಗಿ ಬೆಳೆಯುವುದು ಜಪಾನಿನಲ್ಲಿ ಮಾತ್ರ. ಎಂದರೆ, ಬೇಕ್ಜೆಯ ದೊರೆಗಾಗಿ ದಿಮ್ಮಿಗಳು ಸಮುದ್ರ ದಾಟಿ ಬಂದಿದ್ದವು.

ಕೋಯಾಮಾಕಿಯ ಗುರುತನ್ನು ನನ್ನ ಕಣ್ಣಿಂದಲೇ ನೋಡಬೇಕೆನಿಸಿತು. ಪರಿಚಿತರೊಬ್ಬರು ಕೋಯಾಮಾಕಿಯ ಹೊಸ ಮರದ ಬೆರಳುದ್ದದ ತುಂಡು ತಂದುಕೊಟ್ಟರು. ಅದರಿಂದ ಕಡಲೆಕಾಳಿನಷ್ಟು ಚೂರು ತೆಗೆದು, ಮೆತ್ತಗಾಗುವವರೆಗೆ ಕುದಿಸಿ, ಹೊಸ ಬ್ಲೇಡಿನಿಂದ ತೆಳುವಾಗಿ ಸೀಳಿ, ಗ್ಲಿಸರಿನ್ ಹನಿಯಲ್ಲಿಟ್ಟೆ. ಅಡ್ಡ ಸೀಳು ಮೊದಲ ಸಲವೇ ಬಂತು. ತೇಗದಲ್ಲಿ ಕಾಣುವಂಥ ರಂಧ್ರಗಳು ಅಲ್ಲಿರಲಿಲ್ಲ, ರಾಳದ ನಾಳಗಳೂ ಇರಲಿಲ್ಲ. ಆದರೆ ನಿಜವಾದ ಗುರುತು ಇರುವುದು ತಿರುಳಿನಿಂದ ತೊಗಟೆಯತ್ತ ಸಾಗುವ ಸೀಳಿನಲ್ಲಿ. ಬ್ಲೇಡು ಕೂದಲೆಳೆಯಷ್ಟು ವಾಲಿದರೂ ಏನೂ ಕಾಣದು. ಮೂರು ಸಂಜೆ ಹೀಗೇ ಕಳೆದವು. ನಾಲ್ಕನೆಯ ಸಂಜೆ, ಉದ್ದದ ಕೋಶಗಳನ್ನು ಅಡ್ಡ ಕೋಶಗಳು ದಾಟುವ ಜಾಗದಲ್ಲಿ, ಚೌಕಕ್ಕೊಂದರಂತೆ ದೊಡ್ಡ ಕಿಟಕಿಗಳು ಸಾಲಾಗಿ ತೆರೆದುಕೊಂಡವು. ಉಸಿರು ಬಿಗಿಹಿಡಿದು ನೋಡಿದೆ.

ಕೆಲವು ಪೈನ್ ಮರಗಳಲ್ಲೂ ಇಂಥ ಕಿಟಕಿಗಳಿವೆ. ಆದರೆ ಪೈನ್‌ನಲ್ಲಿ ರಾಳದ ನಾಳ ಇದ್ದೇ ಇರುತ್ತದೆ, ಇದರಲ್ಲಿ ಇಲ್ಲ. ಅದಕ್ಕೇ ಎರಡೂ ಸೀಳುಗಳನ್ನು ನೋಡದೆ ನಾನು ಹೆಸರು ಬರೆಯುವುದಿಲ್ಲ. ಈಗ ಪೈನ್ ಮತ್ತು ಕೋಯಾಮಾಕಿಯ ಗಾಜುಪಟ್ಟಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಹೊಸದಾಗಿ ಕಲಿಯಲು ಬಂದವರಿಗೆ ಹೆಸರು ಮುಚ್ಚಿ ಮೊದಲು ಅವೆರಡನ್ನೇ ಕೊಡುತ್ತೇನೆ.