ಪತ್ರಿಕೆಯ ತುಣುಕನ್ನು ನಿಮ್ಮ ವೆಬ್‌ಸೈಟ್‌ಗೆ ಏರಿಸುವುದು ಹೇಗೆ?

ಅಜ್ಜನ ನಾಟಕದ ವಿಮರ್ಶೆ, ಅಕ್ಕನಿಗೆ ಬಹುಮಾನ ಬಂದ ಸುದ್ದಿ, ನೀವೇ ಬರೆದು ಮೊದಲ ಸಲ ಅಚ್ಚಾದ ಲೇಖನ. ಹೀಗೆ ಕತ್ತರಿಸಿ ಇಟ್ಟುಕೊಂಡ ತುಣುಕುಗಳು ಎಷ್ಟೇ ಜೋಪಾನ ಮಾಡಿದರೂ ಹಳದಿಯಾಗುತ್ತವೆ, ಮಡಿಚಿದಲ್ಲಿ ಹರಿಯುತ್ತವೆ. ಪತ್ರಿಕೆಯ ಕಾಗದವನ್ನು ಬಹುಮಟ್ಟಿಗೆ ಮರವನ್ನು ಅರೆದ ತಿರುಳಿನಿಂದ ಮಾಡುತ್ತಾರೆ. ಅದರಲ್ಲಿ ಉಳಿದುಕೊಳ್ಳುವ ಲಿಗ್ನಿನ್ ಎಂಬ ವಸ್ತು ಬೆಳಕು, ಗಾಳಿ ತಾಗಿದಂತೆ ಬಣ್ಣಗೆಡುತ್ತದೆ; ಕಾಗದದೊಳಗಿನ ಆಮ್ಲ ನಾರನ್ನು ಸವೆಸುತ್ತದೆ. ಸ್ಕ್ಯಾನ್ ಮಾಡುವ ಕೆಲಸವನ್ನು ಮುಂದಕ್ಕೆ ಹಾಕಿದಷ್ಟೂ ಅಕ್ಷರ ಮಸುಕಾಗುತ್ತದೆ.

ಆದರೆ ಸ್ಕ್ಯಾನ್ ಮಾಡಿದ ಚಿತ್ರವೊಂದನ್ನು ಏರಿಸಿಬಿಟ್ಟರೆ ಕೆಲಸ ಆಯಿತೆಂದು ತಿಳಿಯಬೇಡಿ. ಚಿತ್ರದೊಳಗಿನ ಅಕ್ಷರವನ್ನು ಹುಡುಕುವುದು ಕಷ್ಟ. ಕಣ್ಣು ಕಾಣದ ಓದುಗರ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದಿ ಹೇಳಲಾರದು. ಮೊಬೈಲಿನಲ್ಲಿ ನಾಲ್ಕು ಕಾಲಂನ ವರದಿಯನ್ನು ಹಿಗ್ಗಿಸಿ, ಅತ್ತಿತ್ತ ಸರಿಸಿ ಓದುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಯಾವ ಪತ್ರಿಕೆ, ಯಾವ ದಿನದ್ದು ಎಂಬುದು ಇಲ್ಲದಿದ್ದರೆ ಓದಿದವರು ನಂಬುವುದಾದರೂ ಹೇಗೆ? ಚಿತ್ರ, ಅದರ ಮೂಲದ ವಿವರ, ಅದರೊಳಗಿನ ಪಠ್ಯ ಇವು ಒಟ್ಟಿಗೇ ಇರಬೇಕು. ಇದಕ್ಕೆ ಒಂದು ಸಂಜೆ ಹೆಚ್ಚು ಹಿಡಿದರೂ ಪರವಾಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕತ್ತರಿ ಹಿಡಿಯುವ ಮುನ್ನ

ಹೊಸ ಪತ್ರಿಕೆಯಾದರೆ ಕತ್ತರಿಸುವ ಮೊದಲೇ ಪತ್ರಿಕೆಯ ಹೆಸರು, ದಿನಾಂಕ, ಆವೃತ್ತಿ, ಪುಟಸಂಖ್ಯೆ ಬರೆದುಕೊಳ್ಳಿ. ಆವೃತ್ತಿ ಮುಖ್ಯ, ಏಕೆಂದರೆ ಒಂದೇ ದಿನದ ಒಂದೇ ಪತ್ರಿಕೆಯ ಬೇರೆ ಬೇರೆ ಆವೃತ್ತಿಗಳಲ್ಲಿ ಪುಟಗಳು ಬೇರೆಯಾಗಿರುತ್ತವೆ. ಇನ್ನೂ ಒಳ್ಳೆಯ ದಾರಿಯೆಂದರೆ ಪುಟದ ನೆತ್ತಿಯಲ್ಲಿ ಹೆಸರು, ದಿನಾಂಕ ಇರುವ ಪಟ್ಟಿಯನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುವುದು. ಮುಂದೆ ಯಾರಾದರೂ ಕೇಳಿದರೆ ತೋರಿಸಲು ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಹಳೆಯ ತುಣುಕಿನಲ್ಲಿ ಇದೊಂದೂ ಇಲ್ಲವೆ? ಹಿಂಬದಿ ತಿರುಗಿಸಿ ನೋಡಿ. ಅಲ್ಲಿನ ಸಿನಿಮಾ ಜಾಹೀರಾತು, ಕ್ರಿಕೆಟ್ ಸ್ಕೋರು, ಟೆಂಡರ್ ಪ್ರಕಟಣೆಯ ಕೊನೆಯ ದಿನ ಇವುಗಳಿಂದ ಕಾಲವನ್ನು ಊಹಿಸಬಹುದು. ಈ ಕಾರಣಕ್ಕೇ ಹಿಂಬದಿಯನ್ನೂ ಒಮ್ಮೆ ಸ್ಕ್ಯಾನ್ ಮಾಡಿಕೊಳ್ಳಿ, ವೆಬ್‌ಸೈಟ್‌ಗೆ ಹಾಕದಿದ್ದರೂ ಸರಿ. ಒಂದು ಎಚ್ಚರ: ವರದಿಯ ಮೊದಲ ಸಾಲಿನಲ್ಲಿ ಊರಿನ ಹೆಸರಿನೊಂದಿಗೆ ಇರುವ ತಾರೀಕು ಸುದ್ದಿ ಬರೆದ ದಿನದ್ದು. ದಿನಪತ್ರಿಕೆಯಾದರೆ ಅಚ್ಚಾದದ್ದು ಸಾಮಾನ್ಯವಾಗಿ ಮರುದಿನ. ಊಹೆಯಿಂದ ಹಾಕಿದ ದಿನಾಂಕವನ್ನು ಊಹೆ ಎಂದೇ ಬರೆಯಿರಿ.

ಅನುಮತಿ ಕೇಳಿ

ಹಲವರು ಬಿಟ್ಟುಬಿಡುವ ಹಂತ ಇದು. ಸುದ್ದಿ ನಿಮ್ಮ ಬಗ್ಗೆಯೇ ಇರಬಹುದು, ಪತ್ರಿಕೆಯನ್ನು ನೀವು ದುಡ್ಡು ಕೊಟ್ಟೇ ಕೊಂಡಿರಬಹುದು. ಆದರೂ ಅದನ್ನು ಮತ್ತೆ ಪ್ರಕಟಿಸುವ ಹಕ್ಕು ನಿಮಗೆ ತಾನಾಗಿ ಬರುವುದಿಲ್ಲ. ಬರಹದ ಹಕ್ಕು ಪತ್ರಿಕೆಯದೋ ಲೇಖಕರದೋ ಆಗಿರುತ್ತದೆ. ಅದರ ಜೊತೆಗಿನ ಫೋಟೊ ಸುದ್ದಿಸಂಸ್ಥೆಗೋ ಬೇರೊಬ್ಬ ಛಾಯಾಗ್ರಾಹಕರಿಗೋ ಸೇರಿರಬಹುದು. ನೀವೇ ಬರೆದ ಲೇಖನವಾದರೂ ಪತ್ರಿಕೆಯೊಂದಿಗೆ ಯಾವ ಒಪ್ಪಂದ ಮಾಡಿಕೊಂಡಿದ್ದಿರಿ ಎಂಬುದನ್ನು ನೋಡಿಕೊಳ್ಳಬೇಕು.

ಹಳೆಯದಾದರೆ ಹಕ್ಕುಸ್ವಾಮ್ಯ ಮುಗಿದಿರುತ್ತದೆ ಎಂದು ಸುಮ್ಮನೆ ಅಂದುಕೊಳ್ಳುವಂತಿಲ್ಲ. ಹಕ್ಕುಸ್ವಾಮ್ಯದ ಬಗ್ಗೆ ದೇಶದೇಶಗಳ ನಡುವೆ ಆದ 1886ರ ಬರ್ನ್ ಒಪ್ಪಂದದ ಪ್ರಕಾರ ಲೇಖಕರ ಮರಣಾನಂತರ ಕನಿಷ್ಠ 50 ವರ್ಷ ಹಕ್ಕು ಉಳಿಯಬೇಕೆಂಬುದು ಸಾಮಾನ್ಯ ನಿಯಮ. ಎಷ್ಟೋ ದೇಶಗಳ ಕಾನೂನಿನಲ್ಲಿ ಅದು 60 ಅಥವಾ 70 ವರ್ಷ. ಅದೇ ಒಪ್ಪಂದದಲ್ಲಿ ನಮಗೆ ಅನುಕೂಲವಾದ ಮಾತೂ ಒಂದಿದೆ: ದಿನದ ಸುದ್ದಿಯೊಳಗಿನ ಬರಿಯ ಸಂಗತಿಗೆ ಈ ರಕ್ಷಣೆ ಇಲ್ಲ. ಬಹುಮಾನ ಬಂತು ಎಂಬ ಸಂಗತಿಯನ್ನು ಯಾರು ಬೇಕಾದರೂ ಹೇಳಬಹುದು. ವರದಿಗಾರರು ಅದನ್ನು ಬರೆದ ರೀತಿಗೆ ರಕ್ಷಣೆ ಇದೆ.

ಸಂಪಾದಕರಿಗೆ ಒಂದು ಚಿಕ್ಕ ಪತ್ರ ಅಥವಾ ಇಮೇಲ್ ಬರೆಯಿರಿ. ವರದಿಯ ಶೀರ್ಷಿಕೆ, ದಿನಾಂಕ, ಪುಟ, ನಿಮ್ಮ ವೆಬ್‌ಸೈಟ್‌ನ ವಿಳಾಸ ಕೊಡಿ. ಅದರಿಂದ ಹಣ ಮಾಡುವ ಉದ್ದೇಶ ಇದೆಯೋ ಇಲ್ಲವೋ ಸ್ಪಷ್ಟವಾಗಿ ಹೇಳಿ. ಚಿತ್ರವನ್ನಷ್ಟೇ ಅಲ್ಲದೆ ಪಠ್ಯವನ್ನೂ ಟೈಪು ಮಾಡಿ ಹಾಕುತ್ತೇನೆಂದು ಮರೆಯದೆ ತಿಳಿಸಿ, ಏಕೆಂದರೆ ಅದೂ ಮರುಪ್ರಕಟಣೆಯೇ. ಫೋಟೊಗೆ ಅನುಮತಿ ಕೊಡುವ ಅಧಿಕಾರ ಅವರಿಗಿದೆಯೇ ಎಂದು ಬೇರೆಯಾಗಿ ಕೇಳಿ. ಬಂದ ಉತ್ತರವನ್ನು ತುಣುಕಿನ ಫೈಲುಗಳ ಜೊತೆಗೇ ಇಟ್ಟುಕೊಳ್ಳಿ.

ಅನುಮತಿ ಸಿಗಲಿಲ್ಲವೆಂದರೆ ಶೀರ್ಷಿಕೆ, ದಿನಾಂಕ, ಒಂದೆರಡು ಸಾಲಿನ ಉಲ್ಲೇಖ, ಸಂಗತಿಯನ್ನು ನಿಮ್ಮದೇ ಮಾತಿನಲ್ಲಿ ಹೇಳಿದ ಒಂದು ಪ್ಯಾರಾ, ಪತ್ರಿಕೆಯ ತಾಣದಲ್ಲಿ ಆ ವರದಿ ಇದ್ದರೆ ಅದರ ಲಿಂಕು ಇಷ್ಟನ್ನು ಹಾಕಿ. ಓದುಗರಿಗೆ ಬೇಕಾದದ್ದು ಅದರಲ್ಲೂ ಬಹುಪಾಲು ಸಿಗುತ್ತದೆ.

ಸ್ಕ್ಯಾನ್ ಮಾಡುವುದು

ಮಡಿಕೆಗಳಿದ್ದರೆ ತುಣುಕನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರದ ಪುಸ್ತಕ ಹೇರಿ ಒಂದೆರಡು ದಿನ ಬಿಡಿ. ಇಸ್ತ್ರಿ ಪೆಟ್ಟಿಗೆ ಬೇಡ, ನೀರು ಚಿಮುಕಿಸುವುದೂ ಬೇಡ. ಹಳೆಯ ಅಂಟುಟೇಪು ಹತ್ತಿದ್ದರೆ ಕೀಳಲು ಹೋಗಬೇಡಿ. ಅದರ ಜೊತೆ ಅಕ್ಷರವೂ ಕಿತ್ತು ಬರುತ್ತದೆ. ಹಾಳೆಯನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರ್‌ಗೆ ಇಂಥ ಕಾಗದವನ್ನು ಕೊಡಲೇಬಾರದು. ಗಾಜಿನ ಮೇಲೆ ಮಲಗಿಸುವ ಸ್ಕ್ಯಾನರ್ ಬೇಕು. ಪತ್ರಿಕೆಯ ಮಸಿ ಗಾಜಿಗೆ ಹತ್ತುವುದರಿಂದ ಆಗಾಗ ಮೆತ್ತನೆಯ ಬಟ್ಟೆಯಿಂದ ಒರೆಸಿ.

ಈಗ ಎಲ್ಲಕ್ಕಿಂತ ಉಪಯೋಗದ ಉಪಾಯ: ತುಣುಕಿನ ಹಿಂದೆ ಒಂದು ಕಪ್ಪು ಹಾಳೆ ಇಡಿ. ಪತ್ರಿಕೆಯ ಕಾಗದ ತೆಳು. ಸ್ಕ್ಯಾನರ್ ಮುಚ್ಚಳದ ಒಳಬದಿ ಬಿಳಿಯಾಗಿರುವುದರಿಂದ ಬೆಳಕು ಅಲ್ಲಿಂದ ಪುಟಿದು ಬಂದು, ಹಿಂಬದಿಯ ಅಕ್ಷರಗಳು ಮುಂದಿನ ಸಾಲುಗಳ ನಡುವೆ ಉಲ್ಟಾ ಮೂಡುತ್ತವೆ. ಕಪ್ಪು ಹಾಳೆ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಇಡೀ ಚಿತ್ರ ತುಸು ಕಪ್ಪಿಟ್ಟಂತೆ ಕಂಡರೂ ಚಿಂತೆಯಿಲ್ಲ, ಅದನ್ನು ಆಮೇಲೆ ಸರಿಮಾಡಬಹುದು. ಅಕ್ಷರದೊಳಗೆ ಬೆರೆತ ಹಿಂಬದಿಯ ಅಕ್ಷರವನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ಬರೀ ಅಕ್ಷರವಿದ್ದರೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಸಾಕು. ಅಚ್ಚು ಸಣ್ಣದಾಗಿದ್ದರೆ 400 ಇಡಿ, ಫೋಟೊ ಇದ್ದರೆ 600. ಅಂದರೆ ಹತ್ತು ಸೆಂಟಿಮೀಟರ್ ಅಗಲದ ತುಣುಕು 300ರಲ್ಲಿ ಸುಮಾರು 1,180 ಪಿಕ್ಸೆಲ್ ಅಗಲದ ಚಿತ್ರವಾಗುತ್ತದೆ, 600ರಲ್ಲಿ 2,360. ಕಪ್ಪುಬಿಳುಪು ಪತ್ರಿಕೆಯನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಲೆ, ಪೆನ್ನಿನ ಗುರುತು, ಮಸಿ ಬೇರೆಬೇರೆಯಾಗಿ ಕಾಣುವುದು ಆಗಲೇ. ಬಣ್ಣವನ್ನು ಯಾವಾಗ ಬೇಕಾದರೂ ತೆಗೆಯಬಹುದು, ಆಮೇಲೆ ತುಂಬಲು ಬಾರದು.

ಪತ್ರಿಕೆಯ ಫೋಟೊಗಳು ಪುಟ್ಟ ಪುಟ್ಟ ಚುಕ್ಕಿಗಳಿಂದ ಆದವು. ಆ ಚುಕ್ಕಿಗಳ ಸಾಲಿಗೂ ಸ್ಕ್ಯಾನರ್‌ನ ಪಿಕ್ಸೆಲ್ ಸಾಲಿಗೂ ತಾಳ ತಪ್ಪಿದಾಗ ಫೋಟೊದ ಮೇಲೆ ಅಲೆಅಲೆಯಾದ ವಿನ್ಯಾಸ ಮೂಡುತ್ತದೆ, ಮುಖವೇ ಗುರುತು ಸಿಗದಂತಾಗುತ್ತದೆ. ಸ್ಕ್ಯಾನರ್‌ನ ಸಾಫ್ಟ್‌ವೇರ್‌ನಲ್ಲಿ ‘ಡಿಸ್ಕ್ರೀನ್’ ಎಂಬ ಆಯ್ಕೆ ಇದ್ದರೆ ಫೋಟೊ ಇರುವ ತುಣುಕಿಗೆ ಅದನ್ನು ಹಾಕಿ ನೋಡಿ. ಇಲ್ಲವೆಂದರೆ 600ರಲ್ಲಿ ಸ್ಕ್ಯಾನ್ ಮಾಡಿ, ಫೋಟೊ ಭಾಗವನ್ನಷ್ಟೇ ಜಿಂಪ್‌ನಂಥ ತಂತ್ರಾಂಶದಲ್ಲಿ ಸ್ವಲ್ಪ ಮಸುಕು ಮಾಡಿ, ಆಮೇಲೆ ಗಾತ್ರ ಕುಗ್ಗಿಸಿ. ಅಕ್ಷರದ ಭಾಗಕ್ಕೆ ಮಾತ್ರ ಈ ಮಸುಕು ತಾಗಬಾರದು.

ತುಣುಕು ಗಾಜಿಗಿಂತ ದೊಡ್ಡದಿದ್ದರೆ ಭಾಗಭಾಗವಾಗಿ ಸ್ಕ್ಯಾನ್ ಮಾಡಿ. ಪ್ರತಿ ಭಾಗವೂ ಪಕ್ಕದ್ದರ ಮೇಲೆ ಸಾಕಷ್ಟು ಅಗಲಕ್ಕೆ ಹಾಯ್ದಿರಲಿ, ಎಲ್ಲ ಭಾಗಕ್ಕೂ ಒಂದೇ ಸೆಟ್ಟಿಂಗ್ ಇರಲಿ. ಹುಗಿನ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಜೋಡಿಸಬಹುದು. ಸ್ಕ್ಯಾನರ್ ಇಲ್ಲದವರು ಮೊಬೈಲ್ ಬಳಸಿ: ಕಿಟಕಿಯ ಪಕ್ಕದ ಹಗಲು ಬೆಳಕು, ಫ್ಲ್ಯಾಷ್ ಇಲ್ಲ, ಫೋನು ಕಾಗದಕ್ಕೆ ಸಮನಾಗಿ. ಸ್ಕ್ಯಾನ್ ಮಾಡುವ ಆ್ಯಪ್‌ಗಳು ಅಕ್ಷರ ಎದ್ದು ಕಾಣಲೆಂದು ಹಿನ್ನೆಲೆಯನ್ನು ಬೆಳ್ಳಗೆ ಮಾಡುವಾಗ ಫೋಟೊದ ನಡುಛಾಯೆಗಳು ಹೋಗಿಬಿಡುತ್ತವೆ. ಆ ಫಿಲ್ಟರ್ ತೆಗೆದುಹಾಕಿ.

ತಿದ್ದುವುದು, ಉಳಿಸುವುದು

ಸ್ಕ್ಯಾನ್ ಆದ ಮೂಲ ಫೈಲನ್ನು ಚಿತ್ರದ ಗುಣಮಟ್ಟ ಕುಂದದಂತೆ ಇಡುವ ಟಿಫ್ ರೂಪದಲ್ಲಿ ಉಳಿಸಿ, ಅದನ್ನು ಎಂದೂ ಮುಟ್ಟಬೇಡಿ. ತಿದ್ದುವುದೆಲ್ಲ ಅದರ ಪ್ರತಿಯಲ್ಲಿ. ಸಾಲುಗಳು ಸೊಟ್ಟಗಿದ್ದರೆ ನೇರ ಮಾಡಿ, ಪಕ್ಕದ ಸುದ್ದಿ ಮತ್ತು ಜಾಹೀರಾತಿನ ಚೂರುಗಳನ್ನು ಕತ್ತರಿಸಿ, ಸುತ್ತ ಸ್ವಲ್ಪ ಅಂಚು ಬಿಡಿ. ‘ಲೆವೆಲ್ಸ್’ ಉಪಕರಣದಿಂದ ಮಸಿಯನ್ನು ಗಾಢ ಮಾಡಿ, ಕಾಗದವನ್ನು ತಿಳಿ ಮಾಡಿ. ಕಾಗದವನ್ನು ಅಚ್ಚ ಬಿಳಿ ಮಾಡುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಆ ಹಳದಿಯೂ ಈ ತುಣುಕಿನ ವಯಸ್ಸಿಗೆ ಸಾಕ್ಷಿ. ಹರಿದು ಹೋದ ಪದವನ್ನು ಚಿತ್ರದಲ್ಲಿ ತುಂಬಿಸುವುದಂತೂ ಕೂಡದು.

ಪುಟದಲ್ಲಿ ತೋರಿಸಲು 1,200ರಿಂದ 1,600 ಪಿಕ್ಸೆಲ್ ಅಗಲದ ಚಿತ್ರ ಸಾಕು. ಒತ್ತಿದರೆ ತೆರೆದುಕೊಳ್ಳುವ ದೊಡ್ಡ ಪ್ರತಿಯೊಂದು ಬೇರೆ ಇರಲಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಗುಣಮಟ್ಟವನ್ನು ತೀರ ಇಳಿಸಿದರೆ ಅಕ್ಷರದ ಸುತ್ತ ಕೊಳೆಯಂಥ ಮಬ್ಬು ಕವಿಯುತ್ತದೆ, ನಮ್ಮ ಒತ್ತಕ್ಷರಗಳು ಅದರಲ್ಲಿ ಮೊದಲು ಮುಳುಗುತ್ತವೆ. 80–85 ಒಳ್ಳೆಯ ಅಳತೆ. ಫೋಟೊ ಇಲ್ಲದ, ಬಣ್ಣ ತೆಗೆದ ತುಣುಕಿಗೆ ಪಿಎನ್‌ಜಿ ಚೆನ್ನ. ಫೈಲಿಗೆ ಇಂಗ್ಲಿಷ್ ಸಣ್ಣಕ್ಷರದ ಹೆಸರು ಕೊಡಿ: ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಪತ್ರಿಕೆಯ ಹೆಸರು, ನಡುವೆ ಅಡ್ಡಗೆರೆ. ಕನ್ನಡದಲ್ಲಿ ಹೆಸರಿಟ್ಟರೆ ಲಿಂಕನ್ನು ನಕಲು ಮಾಡಿದಾಗ ಹಲವೆಡೆ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗುತ್ತದೆ.

ಹಳೆಯ ವರದಿಗಳಲ್ಲಿ ಮನೆ ವಿಳಾಸ, ಫೋನ್ ಸಂಖ್ಯೆ, ಅಪಘಾತ ಅಥವಾ ಅಪರಾಧಕ್ಕೆ ಸಿಕ್ಕವರ ಹೆಸರು ಇರುವುದುಂಟು. ಅವರು ಬದುಕಿರಬಹುದು, ಮಕ್ಕಳಂತೂ ಇರಬಹುದು. ಅಗತ್ಯವಿಲ್ಲದ ಅಂಥ ಭಾಗವನ್ನು ಮಸುಕು ಮಾಡುವ ಬದಲು ಗಟ್ಟಿ ಬಣ್ಣದ ಚೌಕದಿಂದ ಮುಚ್ಚಿ, ಎಲ್ಲ ಪದರಗಳನ್ನೂ ಒಂದು ಮಾಡಿ ಉಳಿಸಿ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಸ್ಥಳದ ಮಾಹಿತಿ ಅಡಗಿರಬಹುದು, ಏರಿಸುವ ಮುನ್ನ ಅದನ್ನೂ ಅಳಿಸಿ.

ಅಕ್ಷರವನ್ನು ಪಠ್ಯವಾಗಿಸುವುದು

ಚಿಕ್ಕ ವರದಿಯಾದರೆ ನೋಡಿಕೊಂಡು ಟೈಪು ಮಾಡುವುದೇ ಬೇಗ. ಉದ್ದವಿದ್ದರೆ ಒಸಿಆರ್, ಅಂದರೆ ಚಿತ್ರದೊಳಗಿನ ಅಕ್ಷರವನ್ನು ಗುರುತಿಸಿ ಪಠ್ಯವಾಗಿಸುವ ತಂತ್ರ, ಬಳಸಿ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಗೂಗಲ್ ಡ್ರೈವ್‌ಗೆ ಚಿತ್ರವನ್ನು ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಪಠ್ಯ ಸಿಗುತ್ತದೆ. ಕಾಲಂಗಳಿರುವ ವರದಿಯನ್ನು ಇಡಿಯಾಗಿ ಕೊಟ್ಟರೆ ಒಂದು ಕಾಲಂನ ಸಾಲಿಗೆ ಪಕ್ಕದ ಕಾಲಂನ ಸಾಲು ಅಂಟಿಕೊಳ್ಳಬಹುದು. ಆದ್ದರಿಂದ ಒಂದೊಂದು ಕಾಲಂ ಅನ್ನೂ ಬೇರೆ ಚಿತ್ರವಾಗಿ ಕತ್ತರಿಸಿ ಕೊಡಿ.

ಬಂದ ಪಠ್ಯವನ್ನು ತುಣುಕಿನ ಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಲೇಬೇಕು. ಹಳೆಯ ಅಚ್ಚಿನಲ್ಲಿ ‘ಮ’ ಮತ್ತು ‘ವು’, ‘ದ’ ಮತ್ತು ‘ಧ’, ‘ಥ’ ಮತ್ತು ‘ಧ’ ಅದಲುಬದಲಾಗುವುದು ಹೆಚ್ಚು. ಅರ್ಕಾವೊತ್ತು ಮುಂದಿನ ಅಕ್ಷರಕ್ಕೆ ಹೋಗಿ ಕೂರಬಹುದು. ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರದ ಸೊನ್ನೆಯೂ ನೋಡಲು ಒಂದೇ ಥರ, ಆದರೆ ಕಂಪ್ಯೂಟರಿಗೆ ಬೇರೆ ಬೇರೆ. ಅದು ತಪ್ಪಿದರೆ ಪದವನ್ನು ಹುಡುಕಿದಾಗ ಸಿಗುವುದಿಲ್ಲ. ಹೆಸರು ಮತ್ತು ಅಂಕಿಗಳನ್ನು ಎರಡು ಸಲ ನೋಡಿ. ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಿ.

ಕಾಗುಣಿತವನ್ನು ಅಚ್ಚಿನಲ್ಲಿ ಇದ್ದಂತೆಯೇ ಬಿಡಿ. ಪತ್ರಿಕೆಯಲ್ಲೇ ತಪ್ಪಿದ್ದರೆ ಪಕ್ಕದಲ್ಲಿ ಚೌಕ ಆವರಣ ಹಾಕಿ ಸರಿಯಾದುದನ್ನು ಬರೆಯಿರಿ, ಓದಲು ಬಾರದ ಕಡೆ ‘ಅಸ್ಪಷ್ಟ’ ಎನ್ನಿ. ಪಠ್ಯ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತದಲ್ಲೇ, ಇರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ನೇರವಾಗಿ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಪರಿವರ್ತಕದ ಮೂಲಕ ಬದಲಾಯಿಸಿ ಹಾಕಿ.

ಪುಟ ಕಟ್ಟುವುದು

ಮೇಲೆ ಚಿತ್ರ, ಅದರ ಕೆಳಗೆ ಅಡಿಬರಹ, ಅದರ ಕೆಳಗೆ ಪೂರ್ತಿ ಪಠ್ಯ. ಎಚ್‌ಟಿಎಂಎಲ್ ನೀವೇ ಬರೆಯುವುದಾದರೆ ಚಿತ್ರವನ್ನು ‘ಫಿಗರ್’ ಟ್ಯಾಗಿನಲ್ಲೂ ಅಡಿಬರಹವನ್ನು ‘ಫಿಗ್‌ಕ್ಯಾಪ್ಷನ್’ನಲ್ಲೂ ಇಡಿ. ಚಿತ್ರದ ಅಗಲ, ಎತ್ತರ ನಮೂದಿಸಿ. ಆಗ ಪುಟ ತೆರೆಯುವಾಗ ಸಾಲುಗಳು ಜಿಗಿಯುವುದಿಲ್ಲ. ಪುಟದ ಭಾಷೆ ಕನ್ನಡವೆಂದು ‘ಲ್ಯಾಂಗ್’ ಗುಣದಲ್ಲಿ ತಿಳಿಸಿದರೆ ಸ್ಕ್ರೀನ್ ರೀಡರ್ ಕನ್ನಡದ ದನಿಯಲ್ಲಿ ಓದುತ್ತದೆ. ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ‘ಆಲ್ಟ್’ ಪಠ್ಯದಲ್ಲಿ ಇಡೀ ವರದಿಯನ್ನು ತುರುಕಬೇಡಿ. ‘ಮೂರು ಕಾಲಂನ ವರದಿ, ನಡುವೆ ಬಹುಮಾನ ಸ್ವೀಕರಿಸುತ್ತಿರುವ ಯುವತಿಯ ಫೋಟೊ, ಪೂರ್ಣ ಪಠ್ಯ ಕೆಳಗಿದೆ’ ಎಂದರೆ ಆಯಿತು.

ಅಡಿಬರಹದಲ್ಲಿ ಶೀರ್ಷಿಕೆ, ವರದಿಗಾರರ ಹೆಸರು ಅಚ್ಚಾಗಿದ್ದರೆ ಅದು, ಪತ್ರಿಕೆ, ಆವೃತ್ತಿ, ದಿನಾಂಕ, ಪುಟ, ‘ಅನುಮತಿಯೊಂದಿಗೆ’ ಎಂಬ ಮಾತು ಇರಲಿ. ಏನನ್ನಾದರೂ ಮುಚ್ಚಿದ್ದರೆ ಅದನ್ನೂ ಹೇಳಿ.

ವೆಬ್‌ಸೈಟ್ ಕಟ್ಟಲು ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವರಿಗೆ ಒಂದು ಸಂಗತಿ ಗೊತ್ತಿರಲಿ. 5.3ನೇ ಆವೃತ್ತಿಯಿಂದ ಈಚೆಗೆ ಅದು 2,560 ಪಿಕ್ಸೆಲ್‌ಗಿಂತ ದೊಡ್ಡ ಜೆಪೆಗ್ ಚಿತ್ರವನ್ನು ತಾನಾಗಿ ಕುಗ್ಗಿಸಿ ಆ ಪ್ರತಿಯನ್ನೇ ಬಳಸುತ್ತದೆ. ದೊಡ್ಡ ಪ್ರತಿಗೆ ಲಿಂಕ್ ಕೊಡುವಾಗ ಅದು ನೀವು ಏರಿಸಿದ ಮೂಲ ಫೈಲಿಗೇ ಹೋಗುತ್ತಿದೆಯೇ ಎಂದು ನೋಡಿಕೊಳ್ಳಿ.

ಪುಟ ಪ್ರಕಟವಾದ ಮೇಲೆ ಮೊಬೈಲಿನಲ್ಲಿ ತೆರೆದು ನೋಡಿ. ಪಠ್ಯದ ನಡುವಿನ ಒಂದು ಪದವನ್ನು ಬ್ರೌಸರ್‌ನಲ್ಲಿ ಹುಡುಕಿ, ಸಿಗಬೇಕು. ಪತ್ರಿಕೆಯ ತಾಣದ ಲಿಂಕು ಕೊಟ್ಟಿದ್ದರೆ ಆ ಪುಟವನ್ನು ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಿ, ಎರಡೂ ಲಿಂಕುಗಳನ್ನು ಹಾಕಿ. ಪತ್ರಿಕೆಗಳು ತಾಣವನ್ನು ಹೊಸದಾಗಿ ಕಟ್ಟಿದಾಗ ಹಳೆಯ ವಿಳಾಸಗಳು ಕೆಲಸ ಮಾಡದೆ ಹೋಗುವುದುಂಟು. ಟಿಫ್ ಫೈಲಿನ ಪ್ರತಿಗಳು ಎರಡು ಬೇರೆ ಕಡೆ ಇರಲಿ. ಕಾಗದದ ತುಣುಕನ್ನು ಲ್ಯಾಮಿನೇಟ್ ಮಾಡಿಸದೆ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಮಡಿಚದೆ ಹಾಕಿ, ಬೆಳಕೂ ತೇವವೂ ತಾಗದ ಕಡೆ ಇಡಿ. ಆ ವರದಿಗೆ ಪತ್ರಿಕೆ ಮುಂದೆಂದಾದರೂ ತಿದ್ದುಪಡಿ ಪ್ರಕಟಿಸಿದ್ದು ಗೊತ್ತಾದರೆ, ಅದನ್ನೂ ದಿನಾಂಕದೊಂದಿಗೆ ಅದೇ ಪುಟದಲ್ಲಿ ಸೇರಿಸಿ.